ಹರಿದ ಕವರ್, ಬಿರುಕು ಬಿಟ್ಟ ಪೋಲ್: ಇಂಗ್ಲೆಂಡಿನ ಕಾಲುವೆಯ ಒಂದು ಜಗಳದ ಪ್ರಕರಣ ಅಧ್ಯಯನ

ಇಂಗ್ಲೆಂಡಿನ ಕಾಲುವೆಗಳಲ್ಲಿ ದೋಣಿಯವರಿಗೂ ಗಾಳದವರಿಗೂ ಜಗಳ ಹೊಸದಲ್ಲ. ಜಾಸ್ತಿ ಪಾಲು ಬೈದಾಟದಲ್ಲೇ ಮುಗಿಯುತ್ತವೆ. ಯಾರದಾದರೂ ಸಾಮಾನು ಹಾಳಾದಾಗ ಮಾತ್ರ ವಿಷಯ ಪೊಲೀಸು, ವಿಮೆ, ಕೋರ್ಟು ಅಂತ ಬೆಳೆಯುತ್ತದೆ. ಅಂಥ ಒಂದು ಜಗಳವನ್ನು ಇಲ್ಲಿ ಮೊದಲಿಂದ ಕೊನೆಯವರೆಗೆ ಬಿಡಿಸಿ ನೋಡಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಇಲ್ಲಿ ಬರುವ ಇಬ್ಬರು ನಿಜವಾದ ವ್ಯಕ್ತಿಗಳಲ್ಲ. ಇಂಥ ಜಗಳಗಳಲ್ಲಿ ಪದೇ ಪದೇ ಕಾಣುವ ಸಂಗತಿಗಳನ್ನು ಒಂದೇ ಬೆಳಗಿಗೆ ತಂದು ಕಟ್ಟಿದ ಸನ್ನಿವೇಶ ಇದು. ಇಬ್ಬರೂ ಕೇಳುವ ಹಣವೂ ಲೆಕ್ಕ ತೋರಿಸಲು ನಾನೇ ಇಟ್ಟದ್ದು. ಜಾಗ, ಕಾನೂನು, ನಿಯಮ, ದೋಣಿ ಮತ್ತು ಗಾಳದ ಸಾಮಾನಿನ ವಿವರ ಇವೆಲ್ಲ ಇದ್ದದ್ದು ಇದ್ದ ಹಾಗೆ.

ಜಾಗ ಮತ್ತು ಜನ

ಆಶ್‌ಬಿ ಕಾಲುವೆ ಇಂಗ್ಲೆಂಡಿನ ನಡುನಾಡಿನಲ್ಲಿದೆ. 1804ರಲ್ಲಿ ಪೂರ್ತಿ ತೆರೆಯಿತು. ಕಲ್ಲಿದ್ದಲು ಸಾಗಿಸಲು ತೋಡಿದ್ದು. ಆಗ ಸುಮಾರು 30 ಮೈಲಿ ಇತ್ತು. ಕೆಳಗೆ ಗಣಿ ಕೊರೆದು ನೆಲ ಕುಸಿದದ್ದರಿಂದ ಮೇಲಿನ ತುದಿ ಮುಚ್ಚಿಹೋಯಿತು. ಈಗ ಮಾರ್ಸ್ಟನ್ ಜಂಕ್ಷನ್‌ನಿಂದ ಸ್ನೇರ್‌ಸ್ಟನ್‌ವರೆಗೆ ದೋಣಿ ಹೋಗುವ ದಾರಿ 22 ಮೈಲಿ. ಅಷ್ಟು ದೂರಕ್ಕೂ ದೋಣಿಯನ್ನು ಏರಿಸಿ ಇಳಿಸುವ ಲಾಕ್ ಇಲ್ಲ. 1485ರ ಬಾಸ್‌ವರ್ತ್ ಯುದ್ಧಭೂಮಿಯ ಪಕ್ಕದಲ್ಲೇ ಹಾದುಹೋಗುತ್ತದೆ. ನೀರು ಆಳ ಇಲ್ಲ, ದಂಡೆಯಲ್ಲಿ ಜೊಂಡು ದಟ್ಟ. ದೋಣಿಯವರಿಗೂ ಇಷ್ಟ, ಗಾಳದವರಿಗೂ ಇಷ್ಟ.

ಕಾಲುವೆಯ ಒಂದು ದಂಡೆಯಲ್ಲಿ ಟೋಪಾತ್ ಇರುತ್ತದೆ. ಹಿಂದೆ ಕುದುರೆ ದೋಣಿ ಎಳೆಯುತ್ತಿದ್ದ ದಾರಿ ಅದು. ಈಗ ನಡೆಯುವವರು, ಸೈಕಲ್ಲಿನವರು, ಗಾಳ ಹಾಕುವವರು ಎಲ್ಲರಿಗೂ ಅದೇ. ಎದುರು ದಂಡೆಯಲ್ಲಿ ಕೆಲವು ಕಡೆ ದೋಣಿಗಳನ್ನು ವರ್ಷಗಟ್ಟಲೆ ಕಟ್ಟಲು ಬಾಡಿಗೆ ಜಾಗ, ಅಂದರೆ ಮೂರಿಂಗ್ ಇರುತ್ತದೆ. ನಮ್ಮ ಪ್ರಕರಣದ ದೋಣಿ ಅಲ್ಲಿ ಕಟ್ಟಿತ್ತು. ಗಾಳದವನು ಟೋಪಾತ್ ಮೇಲೆ, ಅದರ ನೇರ ಎದುರಿಗೆ ಕೂತಿದ್ದ. ನಡುವೆ ನೀರಿನ ಅಗಲ ಸುಮಾರು 12 ಮೀಟರ್.

ದೋಣಿ 57 ಅಡಿಯ ನ್ಯಾರೋಬೋಟ್. ಅಗಲ 6 ಅಡಿ 10 ಇಂಚು. ಈ ಕಾಲುವೆಯಲ್ಲಿ ಲಾಕ್ ಇಲ್ಲದಿದ್ದರೂ ನಡುನಾಡಿನ ಬೇರೆ ಎಷ್ಟೋ ಕಾಲುವೆಗಳ ಹಳೆಯ ಲಾಕ್‌ಗಳು ಏಳಡಿ ಅಗಲ, ಅದಕ್ಕೇ ಈ ಅಳತೆ. ಮೈಯೆಲ್ಲ ಉಕ್ಕು. ಸಾಮಾನ್ಯವಾಗಿ ತಳ 10 ಮಿಲಿಮೀಟರ್ ದಪ್ಪ, ಪಕ್ಕ 6, ಮೇಲಿನ ಕ್ಯಾಬಿನ್ ಗೋಡೆ 4. ಹದಿನೈದು ಟನ್ನಿಗೆ ಕಡಿಮೆ ತೂಗಲಾರದು. ಮೂತಿಯ ಕಡೆ ಕೂರುವ ಜಾಗಕ್ಕೆ ದಪ್ಪ ಬಟ್ಟೆಯ ಹೊದಿಕೆ, ಅದಕ್ಕೆ ಕ್ರ್ಯಾಚ್ ಕವರ್ ಅನ್ನುತ್ತಾರೆ. ಮಾಲೀಕ ನಿವೃತ್ತ. ಅವನಿಗೆ ಅದು ರಜೆಯ ಆಟಿಕೆ ಅಲ್ಲ, ವರ್ಷವಿಡೀ ಇರುವ ಮನೆ. ಈ ಸಂಗತಿ ಮುಂದೆ ಮುಖ್ಯವಾಗುತ್ತದೆ. ನಾಲ್ಕು ಮಿಲಿಮೀಟರ್ ಉಕ್ಕಿನ ಗೋಡೆಗೆ ಹೊರಗಿಂದ ಏನಾದರೂ ಬಡಿದರೆ ಒಳಗೆ ತಮಟೆ ಹೊಡೆದ ಹಾಗೆ ಕೇಳುತ್ತದೆ.

ಗಾಳದವನು ಒಂದು ಆಂಗ್ಲಿಂಗ್ ಕ್ಲಬ್ಬಿನ ಸದಸ್ಯ. ಆ ದಿನ ಕ್ಲಬ್ಬಿನ ಪಂದ್ಯ. ದಂಡೆಯ ಮೇಲೆ ಗುರುತು ಮಾಡಿದ ಜಾಗಗಳಿಗೆ ಪೆಗ್ ಅನ್ನುತ್ತಾರೆ. ಬೆಳಿಗ್ಗೆ ಚೀಟಿ ಎತ್ತುತ್ತಾರೆ, ಯಾವ ಪೆಗ್ ಬಂತೋ ಅಲ್ಲೇ ಕೂರಬೇಕು. ಹಾಗಾಗಿ ದೋಣಿಯ ಎದುರು ಕೂರಬೇಕೆಂದು ಅವನು ಆರಿಸಿಕೊಂಡು ಬಂದದ್ದಲ್ಲ. ಆದರೆ ಚೀಟಿ ನೋಡಿ ಖುಷಿಪಟ್ಟಿರುತ್ತಾನೆ, ಅದರಲ್ಲಿ ಸಂಶಯ ಇಲ್ಲ.

ಯಾಕೆ ಅಂದರೆ ಮೀನು ದೋಣಿಯ ಕೆಳಗಿರುತ್ತದೆ. ಕಾಲುವೆಯ ತಳ ತಟ್ಟೆಯ ಹಾಗೆ ಸಮ ಇರುವುದಿಲ್ಲ. ದೋಣಿಗಳು ಓಡಾಡುವ ನಡುಭಾಗ ಆಳ, ಎರಡೂ ಬದಿಗೆ ಆಳ ಕಡಿಮೆ. ನಡುವೆ ಪ್ರೊಪೆಲ್ಲರ್ ಗಲಾಟೆ. ಮೀನು ಬದಿಗೆ ಸರಿಯುತ್ತದೆ. ಅಲ್ಲಿ ಒಂದು ದೋಣಿ ತಿಂಗಳುಗಟ್ಟಲೆ ನಿಂತಿದ್ದರೆ ಅದರಡಿ ನೆರಳು, ಹಕ್ಕಿಗಳಿಂದ ರಕ್ಷಣೆ, ಕೆಲವೊಮ್ಮೆ ಅಡುಗೆಮನೆ ಕಿಟಕಿಯಿಂದ ಬಿದ್ದ ಬ್ರೆಡ್ಡಿನ ಚೂರು. ದೊಡ್ಡ ಕಾರ್ಪ್, ಪರ್ಚ್ ಅಲ್ಲೇ ನೆಲೆ ಮಾಡುತ್ತವೆ. ಅಂದರೆ ಗಾಳದವನಿಗೆ ಒಳ್ಳೆಯ ಜಾಗ ಮಾಡಿಕೊಟ್ಟಿರುವುದು ದೋಣಿಯೇ. ದೋಣಿಯವರು ಇದನ್ನು ಎಷ್ಟೋ ಸಲ ಅರ್ಥ ಮಾಡಿಕೊಳ್ಳುವುದಿಲ್ಲ. "ಇಡೀ ಕಾಲುವೆ ಖಾಲಿ ಇದೆ, ನನ್ನ ಮನೆಗೇ ಯಾಕೆ ಎಸೆಯುತ್ತಾನೆ?" ಅನ್ನುತ್ತಾರೆ. ಖಾಲಿ ಕಾಲುವೆಯಲ್ಲಿ ಮೀನಿಲ್ಲ, ಅದಕ್ಕೇ.

ಆ ಬೆಳಿಗ್ಗೆ

ಅಕ್ಟೋಬರ್ ತಿಂಗಳ ಒಂದು ಭಾನುವಾರ. ಮೊದಲೆರಡು ಗಂಟೆ ಗಾಳದವನು ಪೋಲ್‌ನಲ್ಲಿ ಹಿಡಿಯುತ್ತಾನೆ. ಪೋಲ್ ಅಂದರೆ ರೀಲ್ ಇಲ್ಲದ ಉದ್ದನೆಯ ಕಾರ್ಬನ್ ಫೈಬರ್ ಕೋಲು. ತುಂಡು ತುಂಡಾಗಿ ಒಂದಕ್ಕೊಂದು ಸೇರಿಸುತ್ತಾರೆ, 16 ಮೀಟರ್‌ವರೆಗೂ ಹೋಗುತ್ತದೆ. ಒಳ್ಳೆಯದಕ್ಕೆ ಸಾವಿರಾರು ಪೌಂಡ್ ಬೆಲೆ. ಪೋಲ್‌ನಿಂದ ಗಾಳವನ್ನು ಬೇಕಾದ ಅಂಗುಲಕ್ಕೆ ಇಳಿಸಬಹುದು. ದೋಣಿಗೆ ಏನೂ ತಾಗುವುದಿಲ್ಲ. ಅಲ್ಲಿಯವರೆಗೆ ಇಬ್ಬರಿಗೂ ತಕರಾರಿಲ್ಲ.

ಆಮೇಲೆ ಅವನು ದೊಡ್ಡ ಮೀನಿಗಾಗಿ ರಾಡ್, ಅಂದರೆ ರೀಲ್ ಇರುವ ಗಾಳದ ಕೋಲು ಎತ್ತಿಕೊಳ್ಳುತ್ತಾನೆ. ಅದಕ್ಕೆ ಫೀಡರ್, ಅಂದರೆ ಮೇವು ತುಂಬುವ ಪುಟ್ಟ ಪಂಜರ, ಜೊತೆಗೆ ಲೋಹದ ತೂಕ. ಹಂಸಗಳು ನುಂಗಿ ಸಾಯುತ್ತಿದ್ದವು ಅಂತ 1987ರಿಂದ ಒಂದು ಔನ್ಸ್‌ವರೆಗಿನ ಸೀಸದ ತೂಕಗಳನ್ನು ಬ್ರಿಟನ್ನಿನಲ್ಲಿ ಗಾಳಕ್ಕೆ ಮಾರುವಂತಿಲ್ಲ, ತೀರಾ ಸಣ್ಣ ಗುಂಡುಗಳಿಗೆ ಮಾತ್ರ ವಿನಾಯಿತಿ. ಹಾಗಾಗಿ ಇದು ಬೇರೆ ಲೋಹ. ಸೀಸವಾದರೂ ಮೆತ್ತಗಿನದು, ಈ ಲೋಹಗಳು ಬಣ್ಣಕ್ಕೆ ಬಡಿದರೆ ಸುಮ್ನೆ ಬಿಡುವುದಿಲ್ಲ. ದೋಣಿಯ ಅಂಚಿಗೆ ಆದಷ್ಟು ಹತ್ತಿರ ಬೀಳಲಿ ಅಂತ ಎಸೆಯುತ್ತಾನೆ. ಒಂದು ಎಸೆತ ಕ್ಯಾಬಿನ್ ಗೋಡೆಗೆ ಬಡಿಯುತ್ತದೆ. ಇನ್ನೊಂದೂ.

ಮಾಲೀಕ ಹೊರಗೆ ಬಂದು ನಿಲ್ಲಿಸು ಅನ್ನುತ್ತಾನೆ. ಗಾಳದವನು, ದುಡ್ಡು ಕೊಟ್ಟು ಕೂತಿದ್ದೇನೆ, ಈ ನೀರು ನಮ್ಮ ಕ್ಲಬ್ಬಿನದು ಅನ್ನುತ್ತಾನೆ. ಮುಂದಿನ ಎಸೆತದಲ್ಲಿ ಕೊಕ್ಕೆ ಕ್ರ್ಯಾಚ್ ಕವರಿಗೆ ಸಿಕ್ಕಿಕೊಳ್ಳುತ್ತದೆ. ಗಾಳದವನು ರಾಡ್ ಹಿಂದಕ್ಕೆ ಸೆಳೆದು ಎಳೆಯುತ್ತಾನೆ. ಹೊಲಿಗೆಯ ಗುಂಟ ಒಂದು ಗೇಣು ಹರಿಯುತ್ತದೆ, ದಾರ ತುಂಡಾಗುತ್ತದೆ. ಅವನು ರಾಡ್ ಕೆಳಗಿಟ್ಟು ಮತ್ತೆ ಪೋಲ್ ಹಿಡಿಯುತ್ತಾನೆ.

ಮಾಲೀಕ ಎಂಜಿನ್ ಚಾಲೂ ಮಾಡುತ್ತಾನೆ. ದೋಣಿ ಕಟ್ಟಿರುವಾಗಲೇ ಗೇರ್ ಹಾಕುತ್ತಾನೆ. ತಳದ ಕೆಸರೆಲ್ಲ ಎದ್ದು ಆ ಜಾಗದ ಮೀನುಗಾರಿಕೆ ಮುಗಿಯಿತು. ಪಕ್ಕದ ಪೆಗ್‌ನವನು ಫೋನ್ ತೆಗೆದು ವಿಡಿಯೋ ಶುರು ಮಾಡುತ್ತಾನೆ. ಬೈಗುಳ ಜೋರಾಗುತ್ತದೆ. ಮಾಲೀಕ ಹಗ್ಗ ಬಿಚ್ಚಿ, ಮುಖಾಮುಖಿ ಮಾತಾಡುತ್ತೇನೆ ಅಂತ ಮೂತಿಯನ್ನು ಟೋಪಾತ್ ಕಡೆ ತಿರುಗಿಸುತ್ತಾನೆ. ನೀರಿನ ಮೇಲೆ ಚಾಚಿದ್ದ ಪೋಲ್, ದೋಣಿಯ ಮೂತಿ ಮತ್ತು ದಂಡೆಯ ಉಕ್ಕಿನ ತಡೆಗೋಡೆಯ ನಡುವೆ ಸಿಕ್ಕಿಬೀಳುತ್ತದೆ. ಎರಡು ತುಂಡುಗಳಿಗೆ ಉದ್ದಕ್ಕೆ ಬಿರುಕು.

ಮಾಲೀಕ ಕೇಳುವುದು: ಕವರ್ ಹೊಲಿಸಲು 120 ಪೌಂಡ್, ಒಂದು ಪಕ್ಕ ಪೂರ್ತಿ ಬಣ್ಣಕ್ಕೆ 900. ಗಾಳದವನು ಕೇಳುವುದು: ಎರಡು ತುಂಡು ಪೋಲಿಗೆ 420, ಹಾಳಾದ ಪಂದ್ಯದ ಶುಲ್ಕ 15.

ಯಾರಿಗೆ ಹಕ್ಕಿತ್ತು?

ಜಗಳ ಮಾಡುವವರು ಮೊದಲು ಎತ್ತುವ ಪ್ರಶ್ನೆ ಇದು. ಉತ್ತರಕ್ಕೆ ಜಾಸ್ತಿ ಹೊತ್ತು ಬೇಡ. ಇಬ್ಬರಿಗೂ ಇತ್ತು.

ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಜಲಮಾರ್ಗ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆಯ ಕೈಯಲ್ಲಿದೆ. 2012ರ ಜುಲೈನಲ್ಲಿ ಸರ್ಕಾರಿ ಬ್ರಿಟಿಷ್ ವಾಟರ್‌ವೇಸ್‌ನಿಂದ ಅದಕ್ಕೆ ಬಂತು. ದೋಣಿಗೆ ಟ್ರಸ್ಟ್ ಲೈಸೆನ್ಸ್ ಬೇಕು. 1995ರ ಬ್ರಿಟಿಷ್ ವಾಟರ್‌ವೇಸ್ ಕಾಯ್ದೆ ಪ್ರಕಾರ ಅದಕ್ಕೆ ಸುರಕ್ಷತಾ ಪ್ರಮಾಣಪತ್ರ, ವಿಮೆ ಮತ್ತು ಒಂದು ಕಾಯಂ ಮೂರಿಂಗ್ ತೋರಿಸಬೇಕು. ಕಾಯಂ ಜಾಗ ಇಲ್ಲದವರು ಒಂದೇ ಕಡೆ 14 ದಿನಕ್ಕಿಂತ ಜಾಸ್ತಿ ನಿಲ್ಲದೆ ಓಡಾಡುತ್ತಿರಬೇಕು. ನಮ್ಮ ಮಾಲೀಕನಿಗೆ ಇದೆಲ್ಲ ಇತ್ತು. ಗಾಳದವನಿಗೆ ಎನ್ವಿರಾನ್ಮೆಂಟ್ ಏಜೆನ್ಸಿಯ ರಾಡ್ ಲೈಸೆನ್ಸ್ ಬೇಕು, 13 ವರ್ಷ ಆದ ಎಲ್ಲರಿಗೂ ಅದು ಕಡ್ಡಾಯ. ಜೊತೆಗೆ ಆ ನೀರಿನ ಮೀನು ಹಕ್ಕು ಗುತ್ತಿಗೆ ಹಿಡಿದ ಕ್ಲಬ್ಬಿನ ಅನುಮತಿ. ಅವೂ ಇದ್ದವು.

1968ರ ಸಾರಿಗೆ ಕಾಯ್ದೆ ಇನ್ನೂ ಸ್ಪಷ್ಟ. ವ್ಯಾಪಾರದ ದೋಣಿಗಳು ಮುಗಿದುಹೋಗಿದ್ದ ಕಾಲುವೆಗಳನ್ನು ಯಾವುದಕ್ಕೆ ಉಳಿಸಬೇಕು ಅಂತ ಅದು ಹೇಳುವಾಗ ದೋಣಿ ವಿಹಾರ, ಮೀನು ಹಿಡಿಯುವುದು, ಇತರ ಮನರಂಜನೆ ಅಂತ ಒಂದೇ ವಾಕ್ಯದಲ್ಲಿ ಹೇಳುತ್ತದೆ. ಕಾಲುವೆ ಇರುವುದು ದೋಣಿಗೇ ಅನ್ನುವವರು, ಈ ನೀರು ಕ್ಲಬ್ಬಿನದು ಅನ್ನುವವರು ಇಬ್ಬರೂ ಆ ಸಾಲನ್ನು ಒಮ್ಮೆ ಓದಬೇಕು ಅಂತ ನನಗನ್ನಿಸುತ್ತದೆ. ಕ್ಲಬ್ ಗುತ್ತಿಗೆ ಹಿಡಿದದ್ದು ಮೀನು ಹಿಡಿಯುವ ಹಕ್ಕನ್ನು. ಎದುರು ದಂಡೆಯ ದೋಣಿಯ ಗೋಡೆಯನ್ನು ಯಾರೂ ಅವರಿಗೆ ಬಾಡಿಗೆಗೆ ಕೊಟ್ಟಿಲ್ಲ.

ಕವರ್

ಕೊಕ್ಕೆ ಸಿಕ್ಕಿಕೊಂಡದ್ದು ಅಪಘಾತ. ಎಳೆದದ್ದು ಅಪಘಾತ ಅಲ್ಲ. ಈ ವ್ಯತ್ಯಾಸದ ಮೇಲೆ ಇಡೀ ಭಾಗ ನಿಂತಿದೆ.

ಕಾಲುವೆಯ ಸಣ್ಣ ಮೀನಿಗೆ ಪೋಲ್‌ನಲ್ಲಿ ಕೂತಾಗ ಕೊಕ್ಕೆ ಕಟ್ಟುವ ಕೊನೆಯ ತುಂಡು ದಾರ ಸುಮಾರು 0.10 ಮಿಲಿಮೀಟರ್ ಇರುತ್ತದೆ. ಒಂದು ಕಿಲೋ ಆಸುಪಾಸಿನ ಎಳೆತಕ್ಕೆ ಕಿತ್ತುಹೋಗುತ್ತದೆ. ಬೇಕೆಂದೇ ಮುಖ್ಯ ದಾರಕ್ಕಿಂತ ತೆಳ್ಳಗಿನದು ಕಟ್ಟುತ್ತಾರೆ, ಸಿಕ್ಕಿಬಿದ್ದರೆ ಕೊಕ್ಕೆ ಮಾತ್ರ ಹೋಗಲಿ ಅಂತ. ಅಂಥ ದಾರದಿಂದ ಗಟ್ಟಿ ಕವರ್ ಹರಿಯುವುದು ಕಷ್ಟ. ಕಾರ್ಪ್‌ಗೆ ಕಟ್ಟುವ 0.20 ಮಿಲಿಮೀಟರ್ ದಾರ ಮೂರು ಕಿಲೋ ಆಸುಪಾಸು ತಡೆಯುತ್ತದೆ. ರಾಡ್ ಬಗ್ಗಿಸಿ ಜಗ್ಗಿದರೆ ಬಿಸಿಲಿಗೆ ಸೊರಗಿದ ಹೊಲಿಗೆ ಬಿಟ್ಟುಕೊಡುತ್ತದೆ. ಹಾಗಾಗಿ ಕವರಿನಲ್ಲಿ ಉಳಿದ ಕೊಕ್ಕೆ, ಅದಕ್ಕಂಟಿದ ನಾಲ್ಕು ಬೆರಳುದ್ದದ ದಾರ ತುಂಬಾ ಬೆಲೆಬಾಳುವ ಸಾಕ್ಷಿ. ಆ ದಾರದ ದಪ್ಪ ಅಳೆದರೆ ಪೋಲ್‌ನಿಂದ ಬಂತೋ ರಾಡ್‌ನಿಂದ ಬಂತೋ, ಎಷ್ಟು ಎಳೆತ ಬಿದ್ದಿರಬಹುದು ಎರಡೂ ಗೊತ್ತಾಗುತ್ತದೆ. ಸಿಟ್ಟಿನಲ್ಲಿ ಅದನ್ನು ಕಿತ್ತು ನೀರಿಗೆ ಎಸೆಯುವವರೇ ಹೆಚ್ಚು. ನಮ್ಮ ಮಾಲೀಕ ಪುಣ್ಯಕ್ಕೆ ಎಸೆಯಲಿಲ್ಲ. ಕೊಕ್ಕೆ ಇದ್ದಲ್ಲೇ ಇಟ್ಟು, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೋ ತೆಗೆದ.

ಸಿವಿಲ್ ಕಾನೂನಿನಲ್ಲಿ ಇದು ನಿರ್ಲಕ್ಷ್ಯ. ಕೊಕ್ಕೆ ಬೇರೆಯವರ ಬಟ್ಟೆಯಲ್ಲಿದೆ ಅಂತ ಗೊತ್ತಿದ್ದೂ ಜಗ್ಗಿದರೆ ಹರಿಯುತ್ತದೆ ಅಂತ ಯಾರಿಗಾದರೂ ತೋಚಬೇಕು. ದಾರ ಕತ್ತರಿಸಿ, ಕೊಕ್ಕೆ ತೆಗೆದುಕೊಡಿ ಅಂತ ಕೇಳಬಹುದಿತ್ತು. ಎರಡು ಪೌಂಡಿನ ಸಾಮಾನು ಹೋಗುತ್ತಿತ್ತು, ಅಷ್ಟೇ. 120 ಪೌಂಡ್ ಗಾಳದವನು ಕೊಡಬೇಕಾದದ್ದು ಅಂತ ನನ್ನ ತೀರ್ಮಾನ. ಹೊಲಿಗೆ ಮೊದಲೇ ಸವೆದಿತ್ತು ಅಂತ ಅವನು ವಾದಿಸಿದರೆ ಸ್ವಲ್ಪ ಕಡಿಮೆಯಾಗಬಹುದು. ಆದರೆ ಸವೆದ ಹೊಲಿಗೆಯನ್ನು ಹರಿಯಲು ಯಾರಿಗೂ ಅನುಮತಿ ಇಲ್ಲ ಅಲ್ವಾ.

ಬಣ್ಣ

ಇಲ್ಲಿ ಮಾಲೀಕ ದುರಾಸೆಪಟ್ಟ. ಕಠಿಣವಾಗಿ ಹೇಳುತ್ತಿದ್ದೇನೆ, ಯಾಕೆಂದರೆ ಈ 900 ಪೌಂಡ್ ಅವನ ಮಿಕ್ಕ ದೂರನ್ನೂ ಹಗುರ ಮಾಡಿತು.

ನ್ಯಾರೋಬೋಟ್‌ನ ಬಣ್ಣಕ್ಕೆ ಪೆಟ್ಟು ಬೀಳುವ ದಾರಿ ಬೇಕಾದಷ್ಟಿವೆ. ಲಾಕ್ ಗೋಡೆ, ಇಟ್ಟಿಗೆ ಸೇತುವೆಯ ಕಮಾನು, ಬಾಗಿದ ಮರದ ಕೊಂಬೆ, ಪಕ್ಕದ ದೋಣಿ. ಮಾಲೀಕ ಆರು ಗುರುತು ತೋರಿಸುತ್ತಾನೆ. ಎಲ್ಲವೂ ಆ ಬೆಳಿಗ್ಗೆ ಆದವೇ?

ಉಕ್ಕು ಇದಕ್ಕೆ ತಾನೇ ಉತ್ತರ ಹೇಳುತ್ತದೆ. ಹೊಸದಾಗಿ ಬಣ್ಣ ಎದ್ದ ಜಾಗದಲ್ಲಿ ಪ್ರೈಮರ್ ಅಥವಾ ಹೊಳೆಯುವ ಬೆತ್ತಲೆ ಲೋಹ ಕಾಣುತ್ತದೆ, ಅಂಚು ಚೂಪಾಗಿರುತ್ತದೆ. ಇಂಗ್ಲೆಂಡಿನ ಅಕ್ಟೋಬರ್ ತೇವದಲ್ಲಿ ಕೆಲವೇ ದಿನಕ್ಕೆ ಕಿತ್ತಳೆ ತುಕ್ಕು ಹಿಡಿಯುತ್ತದೆ. ಹಳೆಯ ಪೆಟ್ಟಿನಲ್ಲಿ ತುಕ್ಕು ಕಂದಾಗಿ, ಅಂಚಿನ ಬಣ್ಣದ ಕೆಳಗೂ ನುಗ್ಗಿ ಬಣ್ಣ ಉಬ್ಬಿರುತ್ತದೆ. ಅದೇ ದಿನದ ಫೋಟೋದಲ್ಲಿ ಎರಡು ಗುರುತು ಮಾತ್ರ ಹೊಳೆಯುತ್ತಿವೆ. ಉಳಿದ ನಾಲ್ಕು ಕಂದು. ಅವುಗಳಲ್ಲಿ ಒಂದು ದೋಣಿಯ ಇನ್ನೊಂದು ತುದಿಗೆ ಹತ್ತಿರ, ಆ ಪೆಗ್‌ನಿಂದ ಯಾರೂ ಗುರಿಯಿಡದ ಜಾಗ.

ಕೋರ್ಟ್ ಕೊಡಿಸುವುದು ನ್ಯಾಯವಾದ ರಿಪೇರಿ ಖರ್ಚು. ಎರಡು ಚುಕ್ಕೆಗೆ ಇಡೀ ಪಕ್ಕ ಬಣ್ಣ ಹೊಡೆಸುವುದು ಅದರಲ್ಲಿ ಬರುವುದಿಲ್ಲ. ಬಿಸಿಲಿಗೆ ಮಾಸಿದ ಬಣ್ಣಕ್ಕೆ ಹೊಸ ಬಣ್ಣ ಹೊಂದುವುದಿಲ್ಲ ಎಂಬ ಮಾಲೀಕನ ಮಾತು ಸುಳ್ಳಲ್ಲ, ಬಣ್ಣದವರೂ ಅದನ್ನೇ ಹೇಳುತ್ತಾರೆ. ಆದರೂ ಹಳೆಯ ಬಣ್ಣದ ದೋಣಿಗೆ ಹೊಸ ಪಕ್ಕ ಸಿಕ್ಕರೆ ಅವನು ಮೊದಲಿಗಿಂತ ಮೇಲಾಗುತ್ತಾನೆ. ಆ ಲಾಭ ಎದುರಿನವನ ಜೇಬಿನಿಂದ ಬರಬಾರದು. ಎರಡು ಚುಕ್ಕೆ ತಿದ್ದಲು ನಾನು 60 ಪೌಂಡ್ ಇಡುತ್ತೇನೆ.

ಪೋಲ್

ಇಲ್ಲಿಗೆ ಬರುವವರೆಗೆ ದೋಣಿಯವನ ಕೈ ಮೇಲಿತ್ತು. ಅವನ ಮನೆಗೆ ಬಡಿದರು, ಹೇಳಿದರೂ ಕೇಳಲಿಲ್ಲ, ಕವರ್ ಹರಿದರು. ಅವನು ಅಲ್ಲೇ ನಿಂತು, ಫೋಟೋ ತೆಗೆದು, ಕ್ಲಬ್ಬಿನ ಹೆಸರು ಮತ್ತು ಪೆಗ್ ನಂಬರ್ ಬರೆದುಕೊಂಡಿದ್ದರೆ ಸಾಕಿತ್ತು. ಪಂದ್ಯದ ಚೀಟಿಯಲ್ಲಿ ಯಾವ ಪೆಗ್‌ನಲ್ಲಿ ಯಾರು ಅಂತ ಕ್ಲಬ್ಬೇ ಬರೆದಿಟ್ಟಿರುತ್ತದೆ. ಗಾಳದವನನ್ನು ಹುಡುಕಲು ಇದಕ್ಕಿಂತ ಸುಲಭದ ದಿನ ಇನ್ನೊಂದಿಲ್ಲ.

ಗೇರ್ ಹಾಕಿದ ಕ್ಷಣದಿಂದ ಅದು ತಿರುಗಿತು. ಕಟ್ಟಿದ ದೋಣಿಯಲ್ಲಿ ಗೇರ್ ಹಾಕಿ ಎಂಜಿನ್ ಓಡಿಸಬಾರದು, ದಂಡೆ ಮತ್ತು ತಳ ಕೊರೆಯುತ್ತದೆ ಅಂತ ದೋಣಿಯವರಿಗೆ ಕೊಡುವ ಸಲಹೆಯಲ್ಲೇ ಇದೆ. ಗಾಳದವರನ್ನು ದಾಟುವಾಗ ನಿಧಾನವಾಗಿ, ಒಂದೇ ವೇಗದಲ್ಲಿ, ಕಾಲುವೆಯ ನಡುವಿನಲ್ಲೇ ಹೋಗಿ ಅಂತಲೂ ಇದೆ. ಇವನು ಮಾಡಿದ್ದು ಎಲ್ಲದಕ್ಕೂ ಉಲ್ಟಾ.

ವಿಡಿಯೋ ಶುರುವಾಗುವುದೂ ಅಲ್ಲಿಂದಲೇ. ಎಸೆತ, ಬಡಿತ, ಹರಿದ ಕವರ್ ಯಾವುದೂ ಅದರಲ್ಲಿಲ್ಲ. ಕೆಸರೆಬ್ಬಿಸುವ ದೋಣಿ, ಕಿರುಚುವ ಮುದುಕ, ಅಡ್ಡ ತಿರುಗಿ ಬರುವ ಮೂತಿ ಮಾತ್ರ ಇವೆ. ಜನ ಫೋನ್ ತೆಗೆಯುವುದೇ ಗಲಾಟೆ ಜೋರಾದ ಮೇಲೆ. ಹಾಗಾಗಿ ಮೊದಲು ತಪ್ಪು ಮಾಡಿದವನ ತಪ್ಪು ಕ್ಯಾಮೆರಾಕ್ಕೆ ಸಿಗುವುದು ಅಪರೂಪ, ಸೇಡು ತೀರಿಸಿಕೊಂಡವನ ತಪ್ಪು ಪೂರ್ತಿ ಸಿಗುತ್ತದೆ.

ಹದಿನೈದು ಟನ್ ಉಕ್ಕಿಗೆ ಬ್ರೇಕ್ ಇಲ್ಲ. ರಿವರ್ಸ್ ಹಾಕಬೇಕು, ರಿವರ್ಸ್‌ನಲ್ಲಿ ಚುಕ್ಕಾಣಿ ಕೇಳುವುದಿಲ್ಲ. ವರ್ಷಗಟ್ಟಲೆ ದೋಣಿ ನಡೆಸಿದವನಿಗೆ ಇದು ಗೊತ್ತು. 12 ಮೀಟರ್ ನೀರಿನಲ್ಲಿ 17 ಮೀಟರ್ ದೋಣಿಯನ್ನು, ಎದುರು ಪೋಲ್ ಚಾಚಿರುವಾಗ ಅಡ್ಡ ತಿರುಗಿಸಿದರೆ ಏನಾಗುತ್ತದೆ ಅಂತಲೂ ಗೊತ್ತು. ಪೋಲಿನ ತುಂಡುಗಳು ಟೊಳ್ಳು, ಗೋಡೆ ತೀರಾ ತೆಳು. ಉದ್ದಕ್ಕೆ ಎಳೆತ ತಡೆಯುತ್ತವೆ, ಪಕ್ಕದಿಂದ ಒತ್ತಿದರೆ ಅಪ್ಪಚ್ಚಿ. ಕೂದಲೆಳೆಯಷ್ಟು ಬಿರುಕು ಕಂಡರೂ ಮೀನು ಹಿಡಿದಾಗ ಅಲ್ಲೇ ಮುರಿಯುತ್ತದೆ.

ಗಾಳದವನು ಪೋಲ್ ಹಿಂದಕ್ಕೆ ಸರಿಸಬೇಕಿತ್ತು ಎಂಬುದು ಮಾಲೀಕನ ವಾದ. ಅದರಲ್ಲಿ ಹುರುಳಿದೆ. ದೋಣಿ ಬರುವುದು ಕಂಡರೆ ಪೋಲ್ ಎತ್ತಬೇಕಾದದ್ದು ಗಾಳದವನ ಕೆಲಸ. 1945ರ ಕಾಯ್ದೆ ಪ್ರಕಾರ, ನಷ್ಟಕ್ಕೆ ನಷ್ಟವಾದವನ ತಪ್ಪೂ ಸೇರಿದ್ದರೆ ಪರಿಹಾರ ಅಷ್ಟು ಕಡಿಮೆಯಾಗುತ್ತದೆ. ಆದರೆ ಉದ್ದನೆಯ ಪೋಲ್ ಎಳೆಯುವುದು ಒಂದು ಕ್ಷಣದ ಕೆಲಸ ಅಲ್ಲ. ಹಿಂದೆ ರೋಲರ್ ಮೇಲೆ ಜಾರಿಸಿ, ಟೋಪಾತ್ ದಾಟಿಸಿ, ನಡೆಯುವವರನ್ನೂ ಸೈಕಲ್ಲಿನವರನ್ನೂ ನೋಡಿಕೊಂಡು, ನಡುವೆ ಬಿಚ್ಚಬೇಕು. ನಡುನೀರಿನಲ್ಲಿ ನೆಟ್ಟಗೆ ಬರುವ ದೋಣಿಗೆ ಅವನು ಸಿದ್ಧ ಇರಬೇಕು. ಎದುರು ಕಟ್ಟಿದ್ದ ದೋಣಿ ತನ್ನ ಮೇಲೇ ತಿರುಗಿ ಬರುತ್ತದೆ ಅಂತ ಕಾಯುತ್ತ ಕೂರಬೇಕಿಲ್ಲ.

ಪೋಲ್ ನಾಲ್ಕು ವರ್ಷ ಹಳೆಯದು ಅಂತ ಇಟ್ಟುಕೊಳ್ಳಿ. ಹೊಸ ತುಂಡಿನ ಪೂರ್ತಿ ಬೆಲೆ ಸಿಗುವುದು ಕಷ್ಟ. 420ರಲ್ಲಿ ನಾನು 300 ಒಪ್ಪುತ್ತೇನೆ. ಪಂದ್ಯದ 15 ಪೌಂಡ್ ಬಿಟ್ಟುಬಿಡುತ್ತೇನೆ, ಅದಕ್ಕೆ ಮುಂಚೆ ಎರಡು ಗಂಟೆ ಅವನು ಮೀನು ಹಿಡಿದಿದ್ದಾನೆ.

ಪೊಲೀಸರಿಗೆ ಹೇಳಿದರೆ?

ಇಬ್ಬರೂ ಹೇಳಿದರು. ತುರ್ತಲ್ಲದ ದೂರಿಗೆ ಅಲ್ಲಿ 101 ನಂಬರ್.

1971ರ ಕ್ರಿಮಿನಲ್ ಡ್ಯಾಮೇಜ್ ಕಾಯ್ದೆ ಪ್ರಕಾರ ಬೇರೆಯವರ ಆಸ್ತಿಯನ್ನು ಬೇಕೆಂದೇ ಅಥವಾ ಅಪಾಯ ಲೆಕ್ಕಿಸದೆ ಹಾಳು ಮಾಡುವುದು ಅಪರಾಧ. ನಮ್ಮಲ್ಲಿ ಐಪಿಸಿ 425ರಲ್ಲಿದ್ದು ಈಗ ಭಾರತೀಯ ನ್ಯಾಯ ಸಂಹಿತೆಯ 324ಕ್ಕೆ ಬಂದಿರುವ ಅಪರಾಧಕ್ಕೆ ಹತ್ತಿರದ್ದು. ಅಪಾಯ ಲೆಕ್ಕಿಸದೆ ಅಂದರೆ ಏನು ಅಂತ, ಆಗ ಇಂಗ್ಲೆಂಡಿನ ಅತಿ ಮೇಲಿನ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ 2003ರಲ್ಲಿ ತೀರ್ಮಾನಿಸಿತು. ನ್ಯೂಪೋರ್ಟ್ ಪ್ಯಾಗ್ನೆಲ್ ಊರಲ್ಲಿ 11 ಮತ್ತು 12 ವರ್ಷದ ಇಬ್ಬರು ಹುಡುಗರು ಅಂಗಡಿಯ ಹಿಂದೆ ಪೇಪರಿಗೆ ಬೆಂಕಿ ಹಚ್ಚಿ ಹೋಗಿದ್ದರು. ಸುಮಾರು ಹತ್ತು ಲಕ್ಷ ಪೌಂಡ್ ನಷ್ಟವಾಯಿತು. ಬೆಂಕಿ ಹರಡುತ್ತದೆ ಅಂತ ಆ ಹುಡುಗರಿಗೆ ನಿಜವಾಗಿ ಹೊಳೆದಿತ್ತೇ ಎಂಬುದೇ ಪ್ರಶ್ನೆ, ಬೇರೆಯವರಿಗೆ ಹೊಳೆಯಬಹುದಿತ್ತು ಅನ್ನುವುದು ಸಾಲದು ಅಂತ ಲಾರ್ಡ್ಸ್ ಹೇಳಿ ಶಿಕ್ಷೆ ರದ್ದು ಮಾಡಿತು.

ಈ ಅಳತೆಯಲ್ಲಿ ಇಬ್ಬರನ್ನೂ ನಿಲ್ಲಿಸಿ. ಗೋಡೆಗೆ ಬಡಿದ ಎಸೆತಕ್ಕೆ, ನನ್ನ ಎಸೆತ ಸರಿಯಾಗಿ ಬೀಳುತ್ತದೆ ಅಂದುಕೊಂಡಿದ್ದೆ ಎಂದು ಗಾಳದವನು ಹೇಳಬಹುದು, ಜನ ನಂಬಲೂಬಹುದು. ಕವರ್ ಜಗ್ಗಿದ್ದಕ್ಕೆ ಆ ಮಾತು ಕಷ್ಟ, ಆದರೂ ಮಾಲೀಕನನ್ನು ಬಿಟ್ಟರೆ ನೋಡಿದ ಸಾಕ್ಷಿ ಇಲ್ಲ. ದೋಣಿಯವನಿಗೆ ಯಾವ ದಾರಿಯೂ ಇಲ್ಲ. ಪೋಲ್ ಅವನ ಕಣ್ಣೆದುರಿತ್ತು, ವಿಡಿಯೋದಲ್ಲಿ ಗಾಳದವನು ಕೂಗುವುದು ಕೇಳುತ್ತದೆ. ತನ್ನ ಆಸ್ತಿ ಕಾಪಾಡಿಕೊಳ್ಳಲು ಮಾಡಿದೆ ಎಂಬ ರಕ್ಷಣೆ ಅದೇ ಕಾಯ್ದೆಯ ಐದನೇ ಸೆಕ್ಷನ್‌ನಲ್ಲಿದೆ. ಆದರೆ ಫೀಡರ್ ಬೀಳುವ ಕಡೆಯಿಂದ ದೋಣಿಯನ್ನು ದೂರ ಒಯ್ದಿದ್ದರೆ ಅದು ರಕ್ಷಣೆ. ಗಾಳದವನ ಮೇಲೇ ಒಯ್ದರೆ ಅಲ್ಲ. ಅಷ್ಟರಲ್ಲಿ ಅವನು ರಾಡ್ ಕೆಳಗಿಟ್ಟೂ ಆಗಿತ್ತು.

ನನ್ನ ಸನ್ನಿವೇಶದಲ್ಲಿ ಪೊಲೀಸರು ಎರಡೂ ದೂರು ಬರೆದುಕೊಂಡು, ಸಿವಿಲ್ ಆಗಿ ಬಗೆಹರಿಸಿಕೊಳ್ಳಿ ಅಂತ ಬಿಡುತ್ತಾರೆ. ಅವರು ಮುಂದುವರಿಸಿದ್ದರೆ ಮೊದಲು ಬಾಗಿಲು ತಟ್ಟುತ್ತಿದ್ದುದು ದೋಣಿಯದ್ದು. ಮನೆಗೆ ಪೆಟ್ಟು ತಿಂದವನೇ ಆರೋಪಿ ಆಗುವುದು ಅಂದರೆ ನನಗೆ ನಿಜಕ್ಕೂ ಸಂಕಟ. ಆದರೆ ಸಾಕ್ಷಿ ಇರುವುದು ಹಾಗೆ.

ವಿಮೆ, ಟ್ರಸ್ಟ್, ಕೋರ್ಟ್

ವಿಮೆಯಲ್ಲೂ ಇದೇ ಕಥೆ. ಲೈಸೆನ್ಸಿಗೆ ಕಡ್ಡಾಯವಾದ ವಿಮೆ ಇರುವುದು ದೋಣಿಯಿಂದ ಬೇರೆಯವರಿಗೆ ಆದ ನಷ್ಟಕ್ಕೆ. ಗಾಳಿಗೆ ದೋಣಿ ಸರಿದು ಪೋಲ್ ಮುರಿದಿದ್ದರೆ ಕೇಳಬಹುದಿತ್ತು. ಬೇಕೆಂದು ಮಾಡಿದ ಕೆಲಸಕ್ಕೆ ವಿಮೆಯವರು ಸಾಮಾನ್ಯವಾಗಿ ಕೈ ತೊಳೆದುಕೊಳ್ಳುತ್ತಾರೆ. ಕವರಿನ 120 ಪೌಂಡ್, ಪ್ರತಿ ನಷ್ಟದಲ್ಲೂ ಮಾಲೀಕ ತಾನೇ ಭರಿಸಬೇಕಾದ ಮೊದಲ ಪಾಲಿಗಿಂತ ಕಡಿಮೆ ಇರುವ ಸಂಭವವೇ ಜಾಸ್ತಿ, ಹಾಗಾಗಿ ಕೇಳಿ ಪ್ರಯೋಜನವಿಲ್ಲ. ಗಾಳದ ಕಡೆ ಅನೇಕ ಕ್ಲಬ್ಬುಗಳಿಗೆ ಹೊಣೆಗಾರಿಕೆ ವಿಮೆ ಇರುತ್ತದೆ, ಮಾಲೀಕ ಮೊದಲ ಪತ್ರವನ್ನು ಕ್ಲಬ್ಬಿನ ಕಾರ್ಯದರ್ಶಿಗೇ ಬರೆಯಬೇಕಿತ್ತು.

ಟ್ರಸ್ಟ್‌ಗೆ ದೂರು ಕೊಡಬಹುದು. ಅದು ಪರಿಹಾರ ಕೊಡುವುದಿಲ್ಲ, ತೀರ್ಪೂ ಕೊಡುವುದಿಲ್ಲ. ಆದರೆ ಕ್ಲಬ್ಬಿನ ಗುತ್ತಿಗೆಯೂ ದೋಣಿಯ ಲೈಸೆನ್ಸೂ ಅದರ ಕೈಯಲ್ಲೇ ಇರುವುದರಿಂದ ಎರಡೂ ಕಡೆಯವರು ಅದರ ಮಾತಿಗೆ ಕಿವಿ ಕೊಡುತ್ತಾರೆ.

ಹಣಕ್ಕೆ ಉಳಿದದ್ದು ಕೌಂಟಿ ಕೋರ್ಟಿನ ಸ್ಮಾಲ್ ಕ್ಲೇಮ್ಸ್, ಅಂದರೆ ಸಣ್ಣ ಮೊತ್ತದ ದಾವೆಗಳ ದಾರಿ. 2013ರಿಂದ ಅದರ ಮಿತಿ 10,000 ಪೌಂಡ್. ಇಂಥ ನಷ್ಟಕ್ಕೆ ಆರು ವರ್ಷದೊಳಗೆ ಹೋಗಬಹುದು. ಆನ್‌ಲೈನ್‌ನಲ್ಲೇ ಹಾಕಬಹುದು, ಅದಕ್ಕೂ ಮೊದಲು ಎದುರಿನವನಿಗೆ ಪತ್ರ ಬರೆದು ಅವಕಾಶ ಕೊಡಬೇಕು. ವಕೀಲರ ಖರ್ಚು ಗೆದ್ದರೂ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ, ಹಾಗಾಗಿ ಜನ ತಾವೇ ವಾದಿಸುತ್ತಾರೆ. 2024ರ ಮೇಯಿಂದ ಇಂಥ ಹಣದ ದಾವೆಗಳಲ್ಲಿ ವಿಚಾರಣೆಗೆ ಮುಂಚೆ ಫೋನಿನಲ್ಲಿ ಒಂದು ಗಂಟೆಯ ಉಚಿತ ಸಂಧಾನ ಕಡ್ಡಾಯ. ಸಂಧಾನಕಾರರು ಇಬ್ಬರೊಂದಿಗೂ ಬೇರೆ ಬೇರೆ ಮಾತಾಡುತ್ತಾರೆ, ಎದುರು ಬದುರು ಕೂರಬೇಕಿಲ್ಲ. ಕಾಲುವೆ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ತೋಚುವುದಿಲ್ಲ. ಈ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದ್ದಕ್ಕೇ ತಾನೇ ಅಷ್ಟೆಲ್ಲ ಆದದ್ದು.

ಮಾಲೀಕ 1,020 ಪೌಂಡಿಗೆ ದಾವೆ ಹಾಕುತ್ತಾನೆ. ಗಾಳದವನು 435ಕ್ಕೆ ಪ್ರತಿದಾವೆ ಹಾಕುತ್ತಾನೆ. ನನ್ನ ಲೆಕ್ಕದಲ್ಲಿ ಗಾಳದವನು ಕೊಡಬೇಕಾದದ್ದು ಕವರಿಗೆ 120, ಬಣ್ಣಕ್ಕೆ 60, ಒಟ್ಟು 180. ದೋಣಿಯವನು ಕೊಡಬೇಕಾದದ್ದು 300. ಕಳೆದರೆ ದೋಣಿಯವನ ಜೇಬಿನಿಂದ 120 ಪೌಂಡ್ ಹೋಗುತ್ತದೆ, ದಾವೆಯ ಶುಲ್ಕ ಬೇರೆ. ಮೊದಲು ಅನ್ಯಾಯವಾದದ್ದು ಅವನಿಗೆ. ಎಂಜಿನ್ ಮುಟ್ಟದೆ ಇದ್ದಿದ್ದರೆ 180 ಪೌಂಡ್ ಅವನ ಕೈ ಸೇರುತ್ತಿತ್ತು, ಕ್ಲಬ್ಬಿನಿಂದ ಒಂದು ಕ್ಷಮಾಪಣೆಯೂ ಬರುತ್ತಿತ್ತು. ಆ ಎರಡು ನಿಮಿಷಕ್ಕೆ ಅವನು ಕೊಟ್ಟ ಬೆಲೆ 300 ಪೌಂಡ್.

ಪೆಗ್ ಮಾತ್ರ ಇನ್ನೂ ಅಲ್ಲೇ ಇದೆ

ಹಣ ಮುಗಿದರೂ ದೋಣಿ ಅಲ್ಲೇ ಇರುತ್ತದೆ, ಅದರಡಿ ಮೀನೂ ಇರುತ್ತದೆ. ಮುಂದಿನ ಪಂದ್ಯದಲ್ಲಿ ಇನ್ನೊಬ್ಬ ಅದೇ ಚೀಟಿ ಎತ್ತುತ್ತಾನೆ. ಹಾಗಾಗಿ ಒಪ್ಪಂದದಲ್ಲಿ ಹಣಕ್ಕಿಂತ ಮುಖ್ಯವಾಗಿ ಬರೆಯಬೇಕಾದದ್ದು ಈ ಜಾಗದ ಬಗ್ಗೆ.

ದೋಣಿಗಳ ಎದುರಿನ ಪೆಗ್‌ಗಳಲ್ಲಿ ಪೋಲ್ ಮಾತ್ರ, ಫೀಡರ್ ಇಲ್ಲ ಅಂತ ಕ್ಲಬ್ ನಿಯಮ ಮಾಡಬಹುದು. ಪೋಲ್‌ನಿಂದ ದೋಣಿಗೆ ತೊಂದರೆ ಇಲ್ಲ ಎಂಬುದು ಆ ಬೆಳಗಿನ ಮೊದಲೆರಡು ಗಂಟೆಯಲ್ಲೇ ಗೊತ್ತಾಗಿದೆ. ಅದೂ ಬೇಡವಾದರೆ ಪಂದ್ಯದ ದಿನ ಆ ಪೆಗ್‌ಗಳನ್ನು ಚೀಟಿಯಿಂದಲೇ ತೆಗೆಯಬಹುದು. ಇದರಿಂದ ಕ್ಲಬ್ಬಿಗೆ ಒಳ್ಳೆಯ ಜಾಗ ಕೈತಪ್ಪುತ್ತದೆ, ನಿಜವಾದ ತ್ಯಾಗ ಅದು. ಪಂದ್ಯಗಳ ಪಟ್ಟಿಯನ್ನು ಮೂರಿಂಗ್‌ನವರಿಗೆ ಮೊದಲೇ ಕೊಟ್ಟರೆ, ಬ್ಯಾಟರಿ ಚಾರ್ಜಿಗೆ ಎಂಜಿನ್ ಓಡಿಸುವವರು ಪಂದ್ಯದ ಮುಂಚೆಯೋ ಆಮೇಲೋ ಓಡಿಸಬಹುದು. ಕಟ್ಟಿದಲ್ಲಿ ಎಂಜಿನ್ ಓಡಿಸಲು ಹೇಗೂ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಮಾತ್ರ ಅವಕಾಶ.

ಕಿತ್ತುಹೋದ ದಾರವನ್ನು ನೀರಿಗೆ ಬಿಡಬಾರದು ಅಂತಲೂ ಒಪ್ಪಂದದಲ್ಲಿ ಬರೆಯಿಸಬೇಕು. ಈ ಜಗಳದಲ್ಲಿ ಆ ಮಾತು ಬರಲಿಲ್ಲ, ಆದರೆ ದೋಣಿಗೆ ನಿಜವಾಗಿ ದುಬಾರಿಯಾಗುವುದು ಅದು. ನೈಲಾನ್ ದಾರ ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಂಡು, ದೋಣಿಯೊಳಗೆ ನೀರು ಬರದಂತೆ ತಡೆಯುವ ಸ್ಟರ್ನ್ ಗ್ಲ್ಯಾಂಡಿನವರೆಗೆ ನುಗ್ಗಿದರೆ ಸೀಲು ಹಾಳಾಗುತ್ತದೆ. ಯಾರ ದಾರ ಅಂತ ಯಾರೂ ಹೇಳಲಾರರು, ಆ ಬಿಲ್ಲನ್ನು ಯಾರಿಗೂ ಕಳಿಸಲಾಗದು.